ಒಂದು ಕ್ಲಿಕ್ಕಿಗೆ ಇಡೀ ಪುಟ ಯಾಕೆ ವಾಪಸ್ ಬರಬೇಕಿತ್ತು?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು. ಬಿಸಿಎ ಎರಡನೇ ವರ್ಷ ಓದುತ್ತಿದ್ದೇನೆ. ಹಿಂದೆ ವೆಬ್‌ಸೈಟ್ ಅಂದರೆ ಓದುವ ಪುಟ ಮಾತ್ರ ಇತ್ತು ಅಂತ ಕ್ಲಾಸಿನಲ್ಲಿ ಹೇಳಿದರು. ಈಗ ನೋಡಿದರೆ ಮೇಲ್, ಮ್ಯಾಪ್, ಬ್ಯಾಂಕ್ ಎಲ್ಲ ಬ್ರೌಸರಿನೊಳಗೇ ನಡೆಯುತ್ತದೆ. ಈ ಬದಲಾವಣೆ ಹೇಗಾಯಿತು? ವೆಬ್ ಪುಟ ಕಟ್ಟುವ ಸಿದ್ಧ ಕೋಡಿನ ಲೈಬ್ರರಿ ರಿಯಾಕ್ಟ್ ಇದೆಯಲ್ಲ, ಅದೊಂದು ಕಲಿತರೆ ಸಾಕಾ? ಬೆಂಗಳೂರಿಗೆ ಹೋಗದೆ ಇಲ್ಲೇ ಕೂತು ಈ ಕೆಲಸ ಮಾಡಬಹುದಾ?

ಉತ್ತರ: ನಿಮ್ಮ ಪ್ರಶ್ನೆ ಓದಿದಾಗ ನನಗೆ 2002ರ ಒಂದು ಮಧ್ಯಾಹ್ನ ನೆನಪಾಯಿತು. ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಇಂಟರ್ನೆಟ್ ಕೆಫೆ, ಗಂಟೆಗೆ 30 ರೂಪಾಯಿ. ನಾನೊಂದು ಪ್ರವೇಶ ಪರೀಕ್ಷೆಯ ಅರ್ಜಿ ತುಂಬುತ್ತಿದ್ದೆ. ಹೆಸರು, ಅಪ್ಪನ ಹೆಸರು, ವಿಳಾಸ, ಅಂಕ ಎಲ್ಲ ಸೇರಿ 25 ಖಾನೆ ಇದ್ದವು. ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಮುಗಿಸಿ, ಸಬ್‌ಮಿಟ್ ಕೊಟ್ಟೆ. ಪರದೆ ಬೆಳ್ಳಗಾಯಿತು. ಮೂಲೆಯಲ್ಲಿ ಮರಳುಗಡಿಯಾರ ತಿರುಗುತ್ತಾ ಇತ್ತು. ಒಂದು ನಿಮಿಷ ಬಿಟ್ಟು ಅದೇ ಫಾರ್ಮ್ ಮತ್ತೆ ಬಂತು, ಮೇಲೆ ಕೆಂಪು ಅಕ್ಷರದಲ್ಲಿ ಪಿನ್‌ಕೋಡ್ ತಪ್ಪು ಅಂತ ಬರೆದಿತ್ತು. ಕೆಳಗಿನ 25 ಖಾನೆಯೂ ಖಾಲಿ.

ಪಿನ್‌ಕೋಡಿನಲ್ಲಿ ನಾನು ಐದೇ ಅಂಕಿ ಹಾಕಿದ್ದೆ. ಆರು ಬೇಕಿತ್ತು. ಅಷ್ಟು ಹೇಳುವುದಕ್ಕೆ ನನ್ನ ಅರ್ಜಿ ಟೆಲಿಫೋನ್ ತಂತಿಯಲ್ಲಿ ಎಲ್ಲಿಗೋ ಹೋಗಿ ವಾಪಸ್ ಬಂದಿತ್ತು.

ಆ ಒಂದು ನಿಮಿಷ ಇದೆಯಲ್ಲ, ನೀವು ಕೇಳಿದ ಇಡೀ ಕಥೆ ಅದರದ್ದೇ. ವೆಬ್ಬಿನಲ್ಲಿ ಮೂವತ್ತು ವರ್ಷದಲ್ಲಿ ಬಂದ ದೊಡ್ಡ ಬದಲಾವಣೆ ಯಾವುದನ್ನೇ ತೆಗೆದುಕೊಳ್ಳಿ, ಅದರ ಹಿಂದೆ ಇರುವುದು ಎರಡೇ ಪ್ರಶ್ನೆ. ಕೆಲಸ ಮಾಡಬೇಕಾದದ್ದು ಪುಟ ಕಳಿಸಿಕೊಡುವ ದೂರದ ಕಂಪ್ಯೂಟರೋ (ಅದೇ ಸರ್ವರ್), ಕೈಯಲ್ಲಿರುವ ಯಂತ್ರವೋ? ಕಾಯಬೇಕಾದವರು ಯಾರು? ಇದನ್ನು ಹಿಡಿದುಕೊಂಡರೆ ಉಳಿದ ಹೆಸರು, ಇಸವಿ ಎಲ್ಲ ತಾನಾಗಿ ಜಾಗಕ್ಕೆ ಬಂದು ಕೂರುತ್ತವೆ.

ಮೊದಲು ಬೇರಿಗೆ ಹೋಗೋಣ. ಟಿಮ್ ಬರ್ನರ್ಸ್‌-ಲೀ 1989ರಲ್ಲಿ ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ವೆಬ್ಬಿನ ಯೋಜನೆ ಬರೆದದ್ದು ವಿಜ್ಞಾನಿಗಳು ತಮ್ಮ ಕಾಗದಪತ್ರ ಹಂಚಿಕೊಳ್ಳಲಿ ಅಂತ. ಅಲ್ಲಿ ಬೇಕಾದದ್ದು ಓದುವ ಪುಟ, ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಕೊಂಡಿ. ಅದಕ್ಕೆ ತಕ್ಕಂತೆ ಎಚ್‌ಟಿಟಿಪಿ ಎಂಬ ನಿಯಮವನ್ನೂ ಬಹಳ ಸರಳವಾಗಿ ಇಟ್ಟರು: ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಕೊಡುತ್ತದೆ, ಕೊಟ್ಟ ಮೇಲೆ ನಿಮ್ಮನ್ನು ಮರೆತುಬಿಡುತ್ತದೆ. ದಿನಾ ಹೋಗುವ ಅಂಗಡಿಯವನು ಪ್ರತಿ ಸಲವೂ ‘ನೀವು ಯಾರು?’ ಅಂತ ಕೇಳಿದ ಹಾಗೆ. ಓದುವ ಪುಟಕ್ಕೆ ಇದು ಒಳ್ಳೆಯದೇ. ಯಾರನ್ನೂ ನೆನಪಿಡಬೇಕಾಗಿಲ್ಲ ಅಂದರೆ ಒಂದು ಸಣ್ಣ ಯಂತ್ರವೂ ಸಾವಿರ ಜನಕ್ಕೆ ಪುಟ ಹಂಚಬಹುದು. 1993ರ ಏಪ್ರಿಲ್ 30ರಂದು ಸರ್ನ್ ಇದನ್ನೆಲ್ಲ ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು ಅಂತ ಬಿಟ್ಟುಕೊಟ್ಟಿತು. ಅವತ್ತು ಅವರು ಹಾಗೆ ಮಾಡದಿದ್ದರೆ ನೀವೂ ನಾನೂ ಇವತ್ತು ಬೇರೆ ಯಾವುದೋ ಕಂಪನಿಯ ಬೇಲಿಯೊಳಗೆ ಇರುತ್ತಿದ್ದೆವು ಅಂತ ನಾನು ನಂಬುತ್ತೇನೆ.

ಆದರೆ ಜನ ಸುಮ್ನೆ ಓದಿಕೊಂಡು ಕೂರಲಿಲ್ಲ. ತಮಗೂ ಏನಾದರೂ ಬರೆಯಬೇಕು, ಹುಡುಕಬೇಕು, ಕೊಳ್ಳಬೇಕು ಅನ್ನಿಸಿತು. 1993ರಲ್ಲೇ ಸಿಜಿಐ ಎಂಬ ದಾರಿ ಬಂತು. ನೀವು ಫಾರ್ಮ್ ಕಳಿಸಿದರೆ ಸರ್ವರ್ ಒಂದು ಪ್ರೋಗ್ರಾಂ ಓಡಿಸಿ, ಅದರಿಂದ ಬಂದದ್ದನ್ನೇ ಹೊಸ ಪುಟ ಮಾಡಿ ಕಳಿಸುತ್ತದೆ. 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪಿನ ಲೂ ಮಾಂಟುಲಿ ಕುಕಿ ತಂದರು. ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುತ್ತಾರಲ್ಲ, ಅದೇ. ಸರ್ವರ್ ನಿಮ್ಮನ್ನು ಮರೆತರೂ ನಿಮ್ಮ ಕೈಯಲ್ಲಿರುವ ಟೋಕನ್ ನೋಡಿ ಗುರುತು ಹಿಡಿಯುತ್ತದೆ. ಇದಿಲ್ಲದೆ ಲಾಗಿನ್ನೂ ಇಲ್ಲ, ಕೊಳ್ಳುವ ಬುಟ್ಟಿಯೂ ಇಲ್ಲ. ಮುಂದೆ ಜಾಹೀರಾತಿನವರು ಇದೇ ಟೋಕನ್ ಹಿಡಿದು ಒಂದು ಸೈಟಿನಿಂದ ಇನ್ನೊಂದಕ್ಕೆ ಜನರ ಹಿಂದೆ ಬಿದ್ದರು. ಅದು ನನಗೆ ಇವತ್ತಿಗೂ ಬೇಸರದ ವಿಷಯ.

1995 ಒಂದೇ ವರ್ಷದಲ್ಲಿ ಎಷ್ಟೆಲ್ಲ ಆಯಿತು ನೋಡಿ. ಸರ್ವರಿನಲ್ಲೇ ಪುಟ ಸಿದ್ಧಮಾಡುವ ಪಿಎಚ್‌ಪಿ ಹೊರಬಂತು. ಬ್ರೆಂಡನ್ ಐಕ್ ಮೇ ತಿಂಗಳಲ್ಲಿ ಹತ್ತು ದಿನದಲ್ಲಿ, ಬ್ರೌಸರಿನೊಳಗೇ ಓಡುವ ಭಾಷೆಯಾದ ಜಾವಾಸ್ಕ್ರಿಪ್ಟಿನ ಮೊದಲ ರೂಪ ಬರೆದರು. ಆಗಸ್ಟ್ 9ರಂದು ನೆಟ್‌ಸ್ಕೇಪ್ ಷೇರುಪೇಟೆಗೆ ಬಂತು, 28 ಡಾಲರಿಗೆ ಬಿಟ್ಟ ಷೇರು ಅವತ್ತೇ 58 ದಾಟಿ ಮುಚ್ಚಿತು. ಅದಾಗಿ ಆರನೇ ದಿನ, ಆಗಸ್ಟ್ 15ಕ್ಕೆ, ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಮರುವರ್ಷ ಜುಲೈ 4ಕ್ಕೆ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಹಾಟ್‌ಮೇಲ್ ಶುರು ಮಾಡಿದರು. ನಮ್ಮ ಕಡೆಯಿಂದ ಗಲ್ಫಿಗೆ ಹೋದವರಿಗೆ ಕಾಗದ ಬರೆಯುತ್ತಿದ್ದ ಎಷ್ಟೋ ಮನೆಗಳಿಗೆ ವೆಬ್ ಅಂದರೆ ಮೊದಲು ಪರಿಚಯವಾದದ್ದೇ ಈ ಬಗೆಯ ಮೇಲ್ ಆಗಿ. ಸ್ವಂತ ಕಂಪ್ಯೂಟರ್ ಬೇಡ, ಕೆಫೆಯಲ್ಲಿ ಕೂತು ಪಾಸ್‌ವರ್ಡ್ ಹಾಕಿದರೆ ನಿಮ್ಮ ಪೆಟ್ಟಿಗೆ ತೆರೆಯುತ್ತದೆ. ವೆಬ್ ಆ್ಯಪ್ ಅಂದರೆ ಏನು ಅಂತ ಕೇಳಿದರೆ ನಾನು ಈಗಲೂ ಇದನ್ನೇ ತೋರಿಸುತ್ತೇನೆ.

ಆದರೂ ಕಾಯುವುದು ತಪ್ಪಲಿಲ್ಲ. 56 ಕಿಲೋಬಿಟ್ಟಿನ ಮೋಡೆಮ್ ಅತಿ ಜಾಸ್ತಿ ಅಂದರೆ ಸೆಕೆಂಡಿಗೆ 7 ಕಿಲೋಬೈಟ್ ತರುತ್ತಿತ್ತು. ಒಂದು ಮೇಲ್ ಅಳಿಸಿದರೆ ಪಟ್ಟಿ, ಬಣ್ಣ, ಜಾಹೀರಾತು ಸೇರಿ ಇಡೀ ಪುಟ ಮತ್ತೆ ಬರಬೇಕು. ಪುಟ 70 ಕಿಲೋಬೈಟ್ ಇದ್ದರೆ ಹತ್ತು ಸೆಕೆಂಡು. ಹತ್ತು ಮೇಲ್ ಅಳಿಸಿದರೆ? ಲೆಕ್ಕ ನೀವೇ ಹಾಕಿ.

ಇದನ್ನು ಬಿಡಿಸಿದ ಸಾಧನ ಬಹಳ ಹಿಂದೆಯೇ ಬಂದು ಮೂಲೆಯಲ್ಲಿ ಕೂತಿತ್ತು. ಮೈಕ್ರೋಸಾಫ್ಟಿನಲ್ಲಿ ಔಟ್‌ಲುಕ್ ಮೇಲ್ ಅನ್ನು ಬ್ರೌಸರಿನಲ್ಲಿ ತೋರಿಸುವ ತಂಡಕ್ಕೆ ಇದೇ ತೊಂದರೆ ಬಂತು. ಅವರು ಪುಟ ಹಾಗೇ ಇರುವಾಗ ಹಿಂದಿನಿಂದ ಸರ್ವರಿಗೆ ಒಂದು ಸಣ್ಣ ಕೇಳಿಕೆ ಕಳಿಸಿ, ಬಂದ ತುಣುಕನ್ನು ಮಾತ್ರ ಪುಟದಲ್ಲಿ ಬದಲಿಸುವ ಒಂದು ದಾರಿ ಮಾಡಿದರು. ಅದು 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಬಂತು. ಹೆಸರು ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್. ಎಕ್ಸ್‌ಎಂಎಲ್ ಅಂದರೆ ಡೇಟಾ ಬರೆದಿಡುವ ಒಂದು ರೀತಿ, ಅದರ ಜತೆ ಇದಕ್ಕೆ ದೊಡ್ಡ ಸಂಬಂಧವೇನೂ ಇರಲಿಲ್ಲ, ಎಕ್ಸ್‌ಎಂಎಲ್ ಲೈಬ್ರರಿಯೊಳಗೆ ಸೇರಿಸಿ ಕಳಿಸುವುದು ಸುಲಭ ಅಂತ ಆ ಹೆಸರು ಬಂತು. ಐದು ವರ್ಷ ಹೆಚ್ಚಿನವರು ಅದನ್ನು ಗಮನಿಸಲೇ ಇಲ್ಲ.

ಆಮೇಲೆ 2004ರ ಏಪ್ರಿಲ್ 1ರಂದು ಜಿಮೇಲ್ ಬಂತು. ಎಲ್ಲರೂ ಮಾತಾಡಿದ್ದು 1 ಜಿಬಿ ಜಾಗದ ಬಗ್ಗೆ, ಯಾಕೆಂದರೆ ಹಾಟ್‌ಮೇಲ್ ಆಗ ಕೊಡುತ್ತಿದ್ದದ್ದು 2 ಎಂಬಿ. ಆದರೆ ಕೆಲಸ ಮಾಡುವವರ ಕಣ್ಣಿಗೆ ಬಿದ್ದದ್ದು ಬೇರೆ: ಕ್ಲಿಕ್ ಮಾಡಿದರೆ ಪುಟ ಬೆಳ್ಳಗಾಗುವುದಿಲ್ಲ! ಮುಂದಿನ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂತು. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಕ್ಷೆಯನ್ನು ಅವರು ಸಣ್ಣ ಸಣ್ಣ ಚೌಕಗಳಾಗಿ ಮೊದಲೇ ಕತ್ತರಿಸಿ ಇಟ್ಟಿದ್ದರು, ಗೋಡೆಗೆ ಟೈಲ್ಸ್ ಹಾಕಿದ ಹಾಗೆ. ಕಾಸರಗೋಡು ಪೇಟೆಯಿಂದ ಚಂದ್ರಗಿರಿ ಹೊಳೆ ದಾಟಿಸಿ ಬೇಕಲ ಕೋಟೆ ಕಡೆಗೆ ನೀವು ಎಳೆದಿರಿ ಅನ್ನಿ. ಪರದೆಯಲ್ಲಿ ಈಗಾಗಲೇ ಇರುವ ಚೌಕಗಳು ಹಾಗೇ ಜರುಗುತ್ತವೆ, ಕೆಳಗೆ ಹೊಸದಾಗಿ ಬೇಕಾದ ಒಂದು ಸಾಲು ಚೌಕಗಳನ್ನು ಮಾತ್ರ ಬ್ರೌಸರ್ ಕೇಳುತ್ತದೆ. ಅಷ್ಟೇ. ಅದಕ್ಕೂ ಮುಂಚಿನ ನಕ್ಷೆಗಳಲ್ಲಿ ಬದಿಯ ಬಾಣ ಒತ್ತಿ, ಇಡೀ ಪುಟ ಮತ್ತೆ ಬರುವವರೆಗೆ ಕಾಯಬೇಕಿತ್ತು. ಅದೇ ತಿಂಗಳ 18ಕ್ಕೆ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ರೀತಿಯ ಕೆಲಸಕ್ಕೆ ಅಜಾಕ್ಸ್ ಅಂತ ಹೆಸರಿಟ್ಟರು. ಹೆಸರು ಸಿಕ್ಕಿದ್ದೇ ತಡ, ಎಲ್ಲ ಕಡೆ ಹಬ್ಬಿತು. 2006ರಲ್ಲಿ ಜಾನ್ ರೆಸಿಗ್ ಈ ಕೆಲಸ ಸುಲಭ ಮಾಡುವ ಜೆಕ್ವೆರಿ ಎಂಬ ಲೈಬ್ರರಿ ಬಿಟ್ಟ ಮೇಲೆ ನಮ್ಮಂಥವರಿಗೂ ಅದು ಕೈಗೆ ಸಿಕ್ಕಿತು.

ಉದ್ಯಮದ ಹಣದ ಕಥೆಯೂ ಇದರ ಜತೆಗೇ ಓಡಿತು. 2000ದ ಮಾರ್ಚ್ 10ಕ್ಕೆ ಅಮೆರಿಕದ ಷೇರುಪೇಟೆ ನಾಸ್ಡಾಕಿನ ಸೂಚ್ಯಂಕ 5,048ಕ್ಕೆ ಮುಟ್ಟಿತ್ತು, 2002ರ ಅಕ್ಟೋಬರಿನಲ್ಲಿ 1,114ಕ್ಕೆ ಬಿತ್ತು. ಲಾಭದ ದಾರಿ ಗೊತ್ತಿಲ್ಲದೆ ಜನ ಬಂದರೆ ಸಾಕು ಅಂತ ಹಣ ಸುರಿದ ಕಂಪನಿಗಳು ಮುಚ್ಚಿದವು. ನನ್ನ ಜತೆ ಓದಿದವರಲ್ಲಿ ಕೆಲವರು ಕೈಯಲ್ಲಿದ್ದ ಕೆಲಸದ ಆರ್ಡರ್ ಕಾಗದ ಹಿಡಿದುಕೊಂಡು ಊರಿಗೆ ವಾಪಸ್ ಬಂದದ್ದು ನೋಡಿದ್ದೇನೆ. ಆ ಬಿದ್ದ ಜಾಗದಿಂದ ಎದ್ದು ನಿಂತವು ಎರಡು. ಒಂದು, ಜಾಹೀರಾತು. ಗೂಗಲ್ 2000ದಲ್ಲಿ ಆ್ಯಡ್‌ವರ್ಡ್ಸ್ ಶುರು ಮಾಡಿತು, ಸೇವೆ ಪುಕ್ಕಟೆ, ಹಣ ಜಾಹೀರಾತಿನಿಂದ ಎನ್ನುವುದು ರೂಢಿಯಾಯಿತು. ಇನ್ನೊಂದು, ಬಾಡಿಗೆಯ ಸರ್ವರ್. ಅಮೆಜಾನ್ 2006ರ ಮಾರ್ಚಿನಲ್ಲಿ ಕಡತ ಇಡುವ ಎಸ್‌3, ಆಗಸ್ಟಿನಲ್ಲಿ ಪ್ರೋಗ್ರಾಂ ಓಡಿಸುವ ಇಸಿ2 ತೆರೆಯಿತು. ಲಕ್ಷಗಟ್ಟಲೆ ಕೊಟ್ಟು ಯಂತ್ರ ಕೊಳ್ಳುವ ಬದಲು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತೆಗೆದುಕೊಳ್ಳಬಹುದಾಯಿತು. ನೀರ್ಚಾಲಿನಲ್ಲಿ ಕೂತ ಒಬ್ಬ ಹುಡುಗಿ ಜಗತ್ತಿಗೆಲ್ಲ ಸಿಗುವಂಥ ಸೇವೆ ಶುರು ಮಾಡಬಹುದು ಅಂತ ನಾನು ಧೈರ್ಯವಾಗಿ ಹೇಳುವುದು ಈ ಎರಡನೆಯದರ ಬಲದಿಂದ.

ಬ್ರೌಸರ್ ಕಡೆಗೂ ಪೈಪೋಟಿ ಮತ್ತೆ ಬಂತು. 2001ರಲ್ಲಿ ಬಂದ ಎಕ್ಸ್‌ಪ್ಲೋರರ್ 6ರ ಎದುರು ಯಾರೂ ಉಳಿಯಲಿಲ್ಲ. ಮುಂದಿನ ಆವೃತ್ತಿಗೆ 2006ರ ತನಕ ಕಾಯಬೇಕಾಯಿತು. ಎದುರಾಳಿ ಇಲ್ಲದಿದ್ದರೆ ಕೆಲಸ ಹೇಗೆ ನಿಲ್ಲುತ್ತದೆ ಅನ್ನುವುದಕ್ಕೆ ಆ ಐದು ವರ್ಷಕ್ಕಿಂತ ಬೇರೆ ಸಾಕ್ಷಿ ಬೇಡ. 2004ರಲ್ಲಿ ಫೈರ್‌ಫಾಕ್ಸ್, 2008ರಲ್ಲಿ ಕ್ರೋಮ್ ಬಂದವು. ಕ್ರೋಮಿನೊಳಗಿನ ವಿ8 ಎಂಜಿನ್ ಜಾವಾಸ್ಕ್ರಿಪ್ಟನ್ನು ಯಂತ್ರದ ಭಾಷೆಗೇ ತಿರುಗಿಸಿ ಓಡಿಸಿತು. ಆಗ ಬ್ರೌಸರಿಗೆ ಭಾರೀ ಕೆಲಸ ಹೊರಿಸುವ ಧೈರ್ಯ ಎಲ್ಲರಿಗೂ ಬಂತು. 2009ರಲ್ಲಿ ರಯಾನ್ ಡಾಲ್ ಅದೇ ಎಂಜಿನ್ ತೆಗೆದು ಸರ್ವರಿನಲ್ಲಿಟ್ಟು, ಅಲ್ಲೂ ಜಾವಾಸ್ಕ್ರಿಪ್ಟ್ ಓಡಿಸುವ ‘ನೋಡ್’ ಎಂಬ ಸಾಧನ ಮಾಡಿದರು. 2011ರಲ್ಲಿ ವೆಬ್‌ಸಾಕೆಟ್ ಪ್ರಮಾಣಿತವಾಯಿತು, ಸರ್ವರ್ ತಾನಾಗಿ ನಿಮಗೆ ಸುದ್ದಿ ಕಳಿಸುವ ದಾರಿ ಅದು. ಕೇಳದೆ ಕೊಡುವುದು ಎಚ್‌ಟಿಟಿಪಿಯ ಹುಟ್ಟುಗುಣದಲ್ಲಿ ಇರಲಿಲ್ಲ ಅಲ್ವಾ, ಅದಕ್ಕೇ ಇದು ಬೇಕಾಯಿತು. ಬ್ರೌಸರಿನಲ್ಲಿ ವಿಡಿಯೋ, ಆಟ ಓಡಿಸುತ್ತಿದ್ದ ಫ್ಲ್ಯಾಶ್ ನಿಧಾನಕ್ಕೆ ಹಿಂದೆ ಸರಿದು 2020ರ ಕೊನೆಗೆ ಪೂರ್ತಿ ನಿಂತಿತು. 2013ರಲ್ಲಿ ಫೇಸ್‌ಬುಕ್ ನಿಮ್ಮ ರಿಯಾಕ್ಟನ್ನು ಹೊರಗೆ ಬಿಟ್ಟಿತು.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬಂದೆ. ಇದಕ್ಕೆ ನನ್ನದೇ ಒಂದು ತಪ್ಪನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಅಡಿಕೆ ಬೆಳೆಗಾರರ ಒಂದು ಸಣ್ಣ ಗುಂಪು ದಿನದ ಧಾರಣೆ ನೋಡಲು ಒಂದು ಪುಟ ಮಾಡಿಕೊಡಿ ಅಂತ ಕೇಳಿತು. ಹೊಸತು, ಹಳತು, ಪಟೋರ, ಉಳ್ಳಿ, ಕರಿಗೋಟು ಅಂತ ಅಡಿಕೆಯ ಐದು ಬಗೆ, ಜತೆಗೆ ಕಾಳುಮೆಣಸು. ಬೇಕಾದದ್ದು ಇಷ್ಟೇ, ಆರು ಸಾಲು. ನಾನು ರಿಯಾಕ್ಟ್ ಹಿಡಿದೆ. ಗ್ರಾಫ್ ಹಾಕಿದೆ, ಚಂದದ ಕನ್ನಡ ಅಕ್ಷರ ಬರಲಿ ಅಂತ ಒಂದು ವೆಬ್ ಫಾಂಟ್ ಸೇರಿಸಿದೆ. ನನ್ನ ಮನೆಯ ಫೈಬರ್‌ನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿತ್ತು. ಒಟ್ಟು ತೂಕ 2 ಎಂಬಿ ದಾಟಿತ್ತು. ಆಗ ಅದು ಜಾಸ್ತಿ ಅಂತ ನನಗೆ ಅನ್ನಿಸಲೇ ಇಲ್ಲ.

ಒಂದು ವಾರ ಬಿಟ್ಟು ಮುಳ್ಳೇರಿಯದಿಂದ ಒಳಗೆ, ದೇಲಂಪಾಡಿ ಕಡೆಯ ಒಂದು ಮನೆಗೆ ಹೋಗಿದ್ದೆ. ಸುತ್ತ ಗುಡ್ಡೆ, ಕೆಳಗೆ ತೋಟ. ಮನೆಯ ಯಜಮಾನರು ಅಂಗಳದ ಮೂಲೆಗೆ, ಹಲಸಿನ ಮರದ ಬುಡಕ್ಕೆ ನನ್ನನ್ನು ಕರೆದುಕೊಂಡು ಹೋದರು. ರೇಂಜ್ ಸಿಗುವುದು ಅಲ್ಲಿ ಮಾತ್ರ, ಅದೂ ಒಂದೇ ಕಡ್ಡಿ. ಪುಟ ತೆರೆದರು. ಬೆಳ್ಳಗಿನ ಪರದೆ. ಮಧ್ಯದಲ್ಲಿ ನಾನೇ ಹಾಕಿದ್ದ ತಿರುಗುವ ಚಕ್ರ. ಅವರು ಕೈ ಮೇಲೆತ್ತಿ ಫೋನ್ ಹಿಡಿದು ನಿಂತರು. ನಲವತ್ತು ಸೆಕೆಂಡು ಆದ ಮೇಲೆ ನನಗೆ ನಿಲ್ಲಲಾಗಲಿಲ್ಲ. 2002ರ ಆ ಕೆಫೆಯ ಪರದೆಯೇ ಅದು, ನಾನೇ ಮತ್ತೆ ಕಟ್ಟಿಕೊಟ್ಟಿದ್ದೆ. ಇಪ್ಪತ್ತು ವರ್ಷದ ಶ್ರಮ ಕಾಯುವುದನ್ನು ತಪ್ಪಿಸಲಿಕ್ಕೆ ಅಂತ ನಡೆದಿತ್ತು, ಆರು ಸಾಲಿನ ಧಾರಣೆಗೆ ಒಬ್ಬ ಮನುಷ್ಯ ಮರದ ಕೆಳಗೆ ಕೈಯೆತ್ತಿ ನಿಂತಿದ್ದರು. ಅವತ್ತು ರಾತ್ರಿ ಬಹಳ ಸಂಕಟವಾಯಿತು.

ಮತ್ತೆ ಬರೆದೆ. ಈ ಸಲ ಪುಟ ಬರೆಯುವ ಬರೀ ಎಚ್‌ಟಿಎಂಎಲ್, ಅದಕ್ಕೆ ಅಂದ ಕೊಡುವ ಸ್ವಲ್ಪ ಸಿಎಸ್‌ಎಸ್. ಗ್ರಾಫ್ ಬೇಕಾದವರಿಗೆ ಒಂದು ಕೊಂಡಿ, ಒತ್ತಿದರೆ ಮಾತ್ರ ಬರುತ್ತದೆ. ಫಾಂಟ್ ಫೋನಿನಲ್ಲಿ ಇರುವುದೇ ಸಾಕು. ಗುರಿ ಇಟ್ಟುಕೊಂಡದ್ದು 14 ಕಿಲೋಬೈಟ್. ಆ ಅಂಕಿ ಎಲ್ಲಿಂದ ಬಂತು ಅಂತ ಹೇಳುತ್ತೇನೆ, ಇದನ್ನು ಕಲಿಸುವವರು ಕಡಿಮೆ. ಸರ್ವರ್ ನಿಮಗೆ ಡೇಟಾ ಕಳಿಸುವಾಗ ಒಮ್ಮೆಗೇ ಎಲ್ಲ ಸುರಿಯುವುದಿಲ್ಲ. ದಾರಿ ಹೇಗಿದೆ ಅಂತ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಡೇಟಾ ಸಾಗಿಸುವ ನಿಯಮವಾದ ಟಿಸಿಪಿ ಮೊದಲು ಹತ್ತು ಪ್ಯಾಕೆಟ್, ಅಂದರೆ ಡೇಟಾದ ಹತ್ತು ಸಣ್ಣ ಕಟ್ಟು ಕಳಿಸಿ, ಮುಟ್ಟಿತು ಅಂತ ಉತ್ತರ ಬಂದ ಮೇಲೆ ಮುಂದಿನ ಸಲಕ್ಕೆ ಹೆಚ್ಚು ಕಳಿಸುತ್ತದೆ. 2013ರಿಂದ ಹತ್ತು ಪ್ಯಾಕೆಟ್ ಎನ್ನುವುದು ಹೆಚ್ಚಿನ ಕಡೆ ರೂಢಿ. ಒಂದು ಪ್ಯಾಕೆಟ್ಟಿನಲ್ಲಿ ಸುಮಾರು 1,460 ಬೈಟ್ ಹಿಡಿಯುತ್ತದೆ. ಹತ್ತಕ್ಕೆ 14,600. ನಿಮ್ಮ ಪುಟ ಅಷ್ಟರೊಳಗೆ ಮುಗಿದರೆ ಮೊದಲ ಸುತ್ತಿನಲ್ಲೇ ಪೂರ್ತಿ ಬಂದುಬಿಡುತ್ತದೆ. ಮೀರಿದರೆ ಇನ್ನೊಂದು ಸುತ್ತು ಬೇಕು. ಸರ್ವರ್ ಅಮೆರಿಕದಲ್ಲಿದ್ದರೆ ಹೋಗಿ ಬರುವ ಒಂದು ಸುತ್ತಿಗೇ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು, ಬೆಳಕಿನ ವೇಗವನ್ನು ಯಾರೂ ದಾಟಲಾರರು. ರೇಂಜ್ ಕಡಿಮೆ ಇದ್ದರೆ ಪ್ಯಾಕೆಟ್ ದಾರಿಯಲ್ಲೇ ಕಳೆದುಹೋಗಿ ಮತ್ತೆ ಕಳಿಸಬೇಕಾಗುತ್ತದೆ, ಆಗ ಸೆಕೆಂಡುಗಳೇ ಹೋಗುತ್ತವೆ.

ಕನ್ನಡಕ್ಕೆ ಇಲ್ಲಿ ಇನ್ನೊಂದು ಲೆಕ್ಕ ಇದೆ. ವೆಬ್ಬಿನಲ್ಲಿ ಅಕ್ಷರಗಳನ್ನು ಬೈಟ್ ಮಾಡುವ ಯುಟಿಎಫ್‌-8 ರೀತಿಯಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಹಾಗಾಗಿ ಕನ್ನಡ ಪುಟ ಕಚ್ಚಾ ರೂಪದಲ್ಲಿ ಭಾರ. ಆದರೆ ಡೇಟಾ ಒತ್ತಿ ಚಿಕ್ಕದು ಮಾಡುವ ಜಿಜಿಪ್ ಹಾಕಿದರೆ ಚೆನ್ನಾಗಿ ಕುಗ್ಗುತ್ತದೆ, ಹೆದರಬೇಕಾಗಿಲ್ಲ. ನನ್ನ ಧಾರಣೆ ಪುಟ 14ರೊಳಗೆ ಆರಾಮಾಗಿ ಕೂತಿತು. ಹಲಸಿನ ಮರದ ಕೆಳಗೆ ಎರಡು ಸೆಕೆಂಡಿನಲ್ಲಿ ಬಂತು. ಯಜಮಾನರು ‘ಪಟೋರ ಇಳಿದಿದೆ’ ಅಂದರು. ಪುಟದ ಬಗ್ಗೆ ಏನೂ ಹೇಳಲಿಲ್ಲ. ನನಗೆ ಅದೇ ಬೇಕಿತ್ತು.

ಹಾಗಂತ ರಿಯಾಕ್ಟ್ ಕೆಟ್ಟದ್ದಲ್ಲ. ಹತ್ತು ಜನ ಒಂದೇ ಕಡತವನ್ನು ಒಟ್ಟಿಗೆ ತಿದ್ದುವ ಆ್ಯಪ್, ಕ್ಷಣಕ್ಷಣಕ್ಕೂ ಬದಲಾಗುವ ಪರದೆ, ಅಂಥ ಕಡೆ ಅದು ಬೇಕೇಬೇಕು. ಕಲಿಯಿರಿ, ಕೆಲಸ ಸಿಗಲಿಕ್ಕೂ ಅನುಕೂಲ. ಆದರೆ ಅದೊಂದೇ ಕಲಿತರೆ ಸಾಕಾಗುವುದಿಲ್ಲ. ರಿಯಾಕ್ಟಿನವರೇ ಈಗ ಪುಟವನ್ನು ಸರ್ವರಿನಲ್ಲಿ ಸಿದ್ಧಮಾಡಿ ಕಳಿಸುವ ಕಡೆಗೆ ವಾಲಿದ್ದಾರೆ, ಅಂದರೆ 1995ರ ಪಿಎಚ್‌ಪಿ ನಿಂತಿದ್ದ ಜಾಗದ ಹತ್ತಿರಕ್ಕೆ. ಕೆಲಸ ಸರ್ವರಿನಿಂದ ಬ್ರೌಸರಿಗೆ ಹೋಯಿತು, ಈಗ ಅರ್ಧ ವಾಪಸ್ ಬರುತ್ತಿದೆ. ಎಚ್‌ಟಿಟಿಪಿ ಹೇಗೆ ಮಾತಾಡುತ್ತದೆ, ಬ್ರೌಸರ್ ಪುಟವನ್ನು ಹೇಗೆ ಕಟ್ಟುತ್ತದೆ, ಕುಕಿ ಎಲ್ಲಿ ಕೂರುತ್ತದೆ, ಬರೀ ಜಾವಾಸ್ಕ್ರಿಪ್ಟಿನಿಂದ ಏನು ಮಾಡಬಹುದು, ಇಷ್ಟು ಗೊತ್ತಿದ್ದವರಿಗೆ ನಾಳೆ ಬರುವ ಯಾವ ಲೈಬ್ರರಿಯೂ ಒಂದು ತಿಂಗಳ ಕೆಲಸ. ಈಗ ಎಐ ನಿಮಗಿಂತ ಬೇಗ ರಿಯಾಕ್ಟ್ ಕೋಡ್ ಬರೆದುಕೊಡುತ್ತದೆ. ಬರೆದದ್ದು ಸರಿ ಇದೆಯಾ, ಆ ಅಂಗಳದ ಮೂಲೆಯಲ್ಲಿ ತೆರೆಯುತ್ತದಾ ಅಂತ ನೋಡಬೇಕಾದವರು ನೀವು.

ಇಲ್ಲೇ ಕೂತು ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ನಾನು ಮಾಡುತ್ತಿದ್ದೇನೆ. ಮೊದಲ ಎರಡು ಮೂರು ವರ್ಷ ಬೇರೆಯವರ ಜತೆ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದರೆ ಒಳ್ಳೆಯದು ಅನ್ನುವುದು ನನ್ನ ಅನುಭವ. ಪಕ್ಕದಲ್ಲಿ ಕೂತವರಿಂದ ಕಲಿಯುವುದು ವಿಡಿಯೋ ಕರೆಯಲ್ಲಿ ಅಷ್ಟು ಬರುವುದಿಲ್ಲ. ಆಮೇಲೆ ವಾಪಸ್ ಬನ್ನಿ. 2016ರಲ್ಲಿ ಯುಪಿಐ ಬಂತು, ಅಮೆಜಾನ್ ಮುಂಬೈಯಲ್ಲಿ ತನ್ನ ಸರ್ವರ್ ಕೇಂದ್ರ ತೆರೆಯಿತು, ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಹಣ, ಯಂತ್ರ, ಬಳಕೆದಾರರು, ಮೂರೂ ಒಂದೇ ವರ್ಷದಲ್ಲಿ ಹತ್ತಿರವಾದವು. 2023ರ ಜೂನಿನಲ್ಲಿ ಕೇರಳದಲ್ಲಿ ಸರ್ಕಾರದ ಇಂಟರ್ನೆಟ್ ಜಾಲ ಕೆ-ಫೋನ್ ಕೂಡ ಶುರುವಾಯಿತು. ಊರಿನಲ್ಲಿ ಕೂರುವುದಕ್ಕೆ ನೆಪ ಈಗ ಕಡಿಮೆ.

ಆದರೆ ಇಲ್ಲಿ ಕೂರುವುದರಿಂದ ಬೇರೆ ಒಂದು ಲಾಭ ಇದೆ, ಅದನ್ನೇ ಒತ್ತಿ ಹೇಳಬೇಕು ನನಗೆ. ಗಡಿಯಲ್ಲಿ ಇರುವವರಿಗೆ ವೆಬ್ಬಿನ ತಪ್ಪುಗಳು ಬೇರೆಯವರಿಗಿಂತ ಮೊದಲು ಕಾಣುತ್ತವೆ. ನಮ್ಮ ಒಂದೇ ಮನೆಯಲ್ಲಿ ಅಜ್ಜಿ ತುಳು ಮಾತಾಡಿ ಕನ್ನಡ ಓದುತ್ತಾರೆ, ಮಗು ಶಾಲೆಯಲ್ಲಿ ಮಲಯಾಳ ಕಲಿಯುತ್ತದೆ, ಫಾರ್ಮ್ ಇಂಗ್ಲಿಷಿನಲ್ಲಿ ಬರುತ್ತದೆ. ನನ್ನ ಚಿಕ್ಕಮ್ಮ ಒಂದು ಸೇವೆಗೆ ಅರ್ಜಿ ಹಾಕುವಾಗ ನಾನು ಜತೆಗಿದ್ದೆ. ಪುಟ ಪೂರ್ತಿ ಮಲಯಾಳದಲ್ಲಿತ್ತು. ಅವರಿಗೆ ಆ ಭಾಷೆ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಕೊನೆಗೆ ಸರ್ಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಸಾಲಿನಲ್ಲಿ ನಿಂತೆವು. ಅಲ್ಲಿ ಕೂತ ಹುಡುಗಿ ಒಂದೊಂದು ಪ್ರಶ್ನೆಯನ್ನೂ ಕನ್ನಡಕ್ಕೆ ಹೇಳಿ ಉತ್ತರ ಕೇಳಿ ತುಂಬಿದಳು. ಆ ಹುಡುಗಿ ಮಾಡಿದ ಕೆಲಸ ಪುಟವೇ ಮಾಡಬಹುದಿತ್ತು. ಬ್ರೌಸರ್ ಪ್ರತಿ ಕೇಳಿಕೆಯ ಜತೆಗೂ ಬಳಕೆದಾರರಿಗೆ ಯಾವ ಭಾಷೆ ಬೇಕು ಅಂತ ಒಂದು ಸಾಲು ಕಳಿಸುತ್ತದೆ, ಆಕ್ಸೆಪ್ಟ್‌-ಲ್ಯಾಂಗ್ವೇಜ್ ಅಂತ ಅದರ ಹೆಸರು. 1990ರ ದಶಕದಿಂದಲೂ ಇದೆ. ಚಿಕ್ಕಮ್ಮನ ಫೋನ್ ‘ಕನ್ನಡ’ ಅಂತ ಪ್ರತಿ ಸಲವೂ ಹೇಳುತ್ತಲೇ ಇತ್ತು. ಆ ಕಡೆ ಕೇಳಿಸಿಕೊಳ್ಳುವವರು ಇರಲಿಲ್ಲ.

ಹೆಸರಿನ ಖಾನೆಯ ವಿಷಯ ಇನ್ನೂ ಹತ್ತಿರದ್ದು. ‘ಶ್ರೀಕೃಷ್ಣ’ ಅಂತ ಬರೆಯಿರಿ. ಕಣ್ಣಿಗೆ ಮೂರು ಅಕ್ಷರ: ಶ್ರೀ, ಕೃ, ಷ್ಣ. ಜಾವಾಸ್ಕ್ರಿಪ್ಟಿಗೆ ಅದರ ಉದ್ದ ಕೇಳಿದರೆ 9 ಅನ್ನುತ್ತದೆ, ಯಾಕೆಂದರೆ ಅದು ಶ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ, ರ, ದೀರ್ಘ ಈ ಕಾರ, ಕ, ಋ ಕಾರ, ಷ, ಮತ್ತೆ ಹಲಂತ, ಣ ಅಂತ ಬಿಡಿಸಿ ಎಣಿಸುತ್ತದೆ. ಡೇಟಾಬೇಸಿನಲ್ಲಿ 27 ಬೈಟ್. ಯಾರೋ ಒಬ್ಬರು ಹೆಸರಿಗೆ 20 ಬೈಟ್ ಸಾಕು ಅಂತ ಇಟ್ಟಿದ್ದರೆ ಕೃಷ್ಣ ಅರ್ಧಕ್ಕೆ ತುಂಡಾಗುತ್ತಾನೆ. ಇನ್ನು ಕೆಲವರು ಹೆಸರಿನಲ್ಲಿ ಅಕ್ಷರ ಮಾತ್ರ ಇರಬೇಕು ಅಂತ ತಪಾಸಣೆ ಬರೆಯುತ್ತಾರೆ. ಎಲ್ಲ ಲಿಪಿಗೂ ಸಂಕೇತ ಕೊಡುವ ಯುನಿಕೋಡಿನ ಲೆಕ್ಕದಲ್ಲಿ ನಮ್ಮ ಕಾಗುಣಿತದ ಚಿಹ್ನೆಗಳು ಅಕ್ಷರದ ಗುಂಪಿಗೆ ಸೇರುವುದಿಲ್ಲ, ಅವು ಗುರುತುಗಳ ಗುಂಪು. ಹಾಗಾಗಿ ‘ಕಮಲ’ ಒಪ್ಪಿಗೆ, ‘ಗೀತಾ’ ತಪ್ಪು! ತಪಾಸಣೆಯಲ್ಲಿ ಗುರುತುಗಳ ಗುಂಪನ್ನೂ ಸೇರಿಸಿದರೆ ಸರಿಹೋಗುತ್ತದೆ, ಒಂದು ಸಾಲಿನ ಕೆಲಸ. ಕನ್ನಡದಲ್ಲಿ ತನ್ನ ಹೆಸರು ಒತ್ತಿ ನೋಡುವ ಒಬ್ಬರು ಆ ತಂಡದಲ್ಲಿ ಇದ್ದಿದ್ದರೆ ಸಾಕಿತ್ತು. ಆ ಒಬ್ಬರು ನೀವಾಗಬಹುದು.

2019ರಲ್ಲಿ ಕೇರಳ ಹೈಕೋರ್ಟು ಒಬ್ಬ ಹಾಸ್ಟೆಲ್ ವಿದ್ಯಾರ್ಥಿನಿಯ ಪ್ರಕರಣದಲ್ಲಿ ಇಂಟರ್ನೆಟ್ ಸಿಗುವುದು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಅಂತ ಹೇಳಿತು. ನನ್ನ ಮಟ್ಟಿಗೆ ಸಿಗುವುದು ಅಂದರೆ ತಂತಿ ಬಂದರೆ ಮುಗಿಯಲಿಲ್ಲ. ಪುಟ ತೆರೆಯಬೇಕು, ಓದಲು ಬರಬೇಕು, ನಮ್ಮ ಹೆಸರನ್ನು ಒಪ್ಪಿಕೊಳ್ಳಬೇಕು.

ಈಗ ನಿಮಗೊಂದು ಕೆಲಸ ಹೇಳುತ್ತೇನೆ. ಕುಂಬಳೆಯಿಂದ ಬದಿಯಡ್ಕ ಮೂಲಕ ಮುಳ್ಳೇರಿಯಕ್ಕೆ ಹೋಗುವ ಬಸ್ಸುಗಳ ಹೊತ್ತನ್ನು ಒಂದು ಪುಟದಲ್ಲಿ ಹಾಕಿ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೀವೇ ಬರೆದುಕೊಂಡು ಬನ್ನಿ. ಮೊದಲು ಬರೀ ಎಚ್‌ಟಿಎಂಎಲ್‌ನಲ್ಲಿ ಮಾಡಿ. ಆಮೇಲೆ ‘ಮುಂದಿನ ಬಸ್ ಯಾವುದು’ ಅಂತ ತೋರಿಸುವ ಹತ್ತಿಪ್ಪತ್ತು ಸಾಲು ಜಾವಾಸ್ಕ್ರಿಪ್ಟ್ ಸೇರಿಸಿ, ಅದನ್ನು ಫೋನೇ ಲೆಕ್ಕ ಹಾಕಲಿ, ಸರ್ವರನ್ನು ಕೇಳುವುದು ಬೇಡ. ಕನ್ನಡ, ಮಲಯಾಳ ಎರಡೂ ಇರಲಿ. ಬ್ರೌಸರಿನ ಡೆವಲಪರ್ ಟೂಲ್ಸಿನಲ್ಲಿ ನೆಟ್‌ವರ್ಕ್ ಭಾಗ ತೆರೆದು, ವೇಗವನ್ನು 3ಜಿಗೆ ಇಳಿಸಿ, ಎಷ್ಟು ಕಿಲೋಬೈಟ್, ಎಷ್ಟು ಸುತ್ತು ಅಂತ ಒಂದೊಂದು ಸಾಲನ್ನೂ ಓದಿ. ಕೊನೆಗೆ ಸರ್ವಿಸ್ ವರ್ಕರ್ ಕಲಿಯಿರಿ. ಒಮ್ಮೆ ತೆರೆದ ಪುಟವನ್ನು ಫೋನಿನಲ್ಲೇ ಇಟ್ಟುಕೊಂಡು ನೆಟ್ ಇಲ್ಲದಾಗಲೂ ತೋರಿಸುವ ಸಾಧನ ಅದು. ಜೂನ್ ತಿಂಗಳ ಮಳೆಗೆ ಕರೆಂಟ್ ಹೋಗಿ, ಟವರ್ ಕೂಡ ಹೋದ ಒಂದು ದಿನ ನಿಮ್ಮ ಅಮ್ಮನ ಕೈಗೆ ಫೋನ್ ಕೊಟ್ಟು, ನಾಲ್ಕು ಗಂಟೆಯ ನಂತರ ಮುಳ್ಳೇರಿಯಕ್ಕೆ ಬಸ್ ಎಷ್ಟು ಹೊತ್ತಿಗೆ ಅಂತ ಕೇಳಿ. ಅವರು ನೋಡಿ ಹೇಳಿದರೆ ನನಗೆ ಬರೆಯಿರಿ. ಹೇಳಲಾಗದಿದ್ದರೂ ಬರೆಯಿರಿ, ಎಲ್ಲಿ ನಿಂತಿತು ಅಂತ ಒಟ್ಟಿಗೆ ನೋಡೋಣ.